ಫಿನಾಯಿಲ್ ಸಾಹೇಬರು ಬಿತ್ತಿದ ಬೀಜ

ಮೃಗಾಲಯದ ಸ್ವಚ್ಛತಾ ಮೇಲ್ವಿಚಾರಕರಿಗೆ ಫಿನಾಯಿಲ್ ಸಾಹೇಬರು ಎಂಬ ಹೆಸರು ಸುಮ್ಮನೆ ಬಿದ್ದದ್ದಲ್ಲ. ಪ್ರಾಣಿಗಳು ತಿನ್ನುವುದಕ್ಕೆ ಅವರ ಅಭ್ಯಂತರವೇನೂ ಇರಲಿಲ್ಲ; ಆಮೇಲೆ ನಡೆಯುವುದೇ ಅವರಿಗೆ ಅಶಿಸ್ತಾಗಿ ಕಾಣುತ್ತಿತ್ತು. ಆನೆ ಬಾಲ ಎತ್ತಿದರೆ ಸಾಕು, ಆಳುಗಳು ಬುಟ್ಟಿ ಹಿಡಿದು ಓಡಿಬರಬೇಕು. ಲದ್ದಿ ಆರುವ ಮೊದಲೇ ಕಸ ಸುಡುವ ಕುಲುಮೆ ಸೇರಬೇಕು. ಹೀಗೆ ಆವರಣದಲ್ಲಿ ಒಂದು ಗಿಡವೂ ತಾನಾಗಿ ಹುಟ್ಟದಂತೆ ನೋಡಿಕೊಂಡು, ವರ್ಷಕ್ಕೊಮ್ಮೆ ದುಡ್ಡು ಕೊಟ್ಟು ಸಸಿ ತರಿಸಿ ನೆಡಿಸುತ್ತಿದ್ದರು. ಅವು ಫೋಟೊ ತೆಗೆಯುವವರೆಗೆ ಚೆನ್ನಾಗಿಯೇ ಇರುತ್ತಿದ್ದವು.

ಆನೆಯ ಅಂಗಳದಲ್ಲಿ ಒಂದು ಮುದಿ ಮರವಿತ್ತು. ಊರಿಗೆಲ್ಲ ಆ ಜಾತಿಯದು ಅದೊಂದೇ. ತಲೆಯ ಮೇಲೆ ಬಿದ್ದರೆ ಡಾಕ್ಟರನ್ನು ಕರೆಸಬೇಕಾದಂಥ ಹಣ್ಣು, ಒಳಗೆ ಕಲ್ಲಿನಂಥ ಬೀಜಗಳು. ಹಕ್ಕಿಗಳಿಗೆ ಹೊರಲಾಗದು, ಬುಡದಲ್ಲೇ ಬಿದ್ದರೆ ಕೊಳೆಯುತ್ತದೆ. ಬೇಲಿಯಿಲ್ಲದ ಕಾಲದಲ್ಲಿ ಆನೆಗಳೇ ನುಂಗಿ, ಹರದಾರಿ ದೂರ ಒಯ್ದು, ಗೊಬ್ಬರ ಸಮೇತ ಇಳಿಸಿ ಬರುತ್ತಿದ್ದವು. ಅವು ಸಂಬಳವನ್ನೂ ಕೇಳಲಿಲ್ಲ, ಫೋಟೊವನ್ನೂ ತೆಗೆಸಿಕೊಳ್ಳಲಿಲ್ಲ.

ಸಾಹೇಬರ ಹೆಂಡತಿ ಮದುವೆಗೆ ಮುಂಚೆ ಅಲ್ಲೇ ಟಿಕೆಟ್ ಕೊಡುತ್ತಿದ್ದವಳು. ಇಬ್ಬರ ಪ್ರೀತಿ ಕುದುರಿದ್ದು ಆ ಮರದ ನೆರಳಲ್ಲಿ. ಈಗ ಅವಳು ಹಾಸಿಗೆ ಹಿಡಿದಿದ್ದಳು. ಕಿಟಕಿಯಾಚೆ ಆ ಮರದ ಒಂದು ಸಸಿ ಕಾಣಬೇಕು ಎಂಬುದೇ ಅವಳ ಆಸೆ.

“ಆನೆ ತಿಂದು ಹಾಕಿದ ಬೀಜಾನೇ ತನ್ನಿ. ಅದರ ಹೊಟ್ಟೇಲಿ ಹಾದು ಬಂದ್ರೇನೇ ಆ ಸಿಪ್ಪೆ ಮೆತ್ತಗಾಗೋದು,” ಎಂದಿದ್ದಳು.

ಸಾಹೇಬರು ಮೂಗು ಮುಚ್ಚಿಕೊಂಡೇ ಹ್ಞೂಂ ಎಂದರು. ತಂದದ್ದು ಮಾತ್ರ ಮರದಿಂದ ಕಿತ್ತ ಹಣ್ಣಿನ ಬೀಜ. ಅದನ್ನೂ ಫಿನಾಯಿಲಿನಲ್ಲಿ ತೊಳೆದು, ಒರೆಸಿ, ಕುಂಡದಲ್ಲಿಟ್ಟರು. ಬೀಜವೇನೋ ಪಳಪಳ ಹೊಳೆಯಿತು. ಎರಡು ವರ್ಷ ನೀರು ಹೊಯ್ದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಮೂರನೆಯ ವರ್ಷ ಬಿರುಗಾಳಿಗೆ ಮರವೇ ಉರುಳಿತು. ಉದುರಿದ ಹಣ್ಣನ್ನೆಲ್ಲ ಆನೆ ಒಂದೂ ಬಿಡದೆ ತಿಂದಿತು. ಸುದ್ದಿ ಕೇಳಿದ ಹೆಂಡತಿ ಗೋಡೆಯ ಕಡೆ ತಿರುಗಿ ಮಲಗಿ, ಹೋಗಲಿ ಬಿಡಿ ಎಂದಳು. ಸಾಹೇಬರು ಒಂದೆರಡು ದಿನ ಬಿಟ್ಟು, ಲದ್ದಿಯಲ್ಲಿ ಬೀಜ ಬಂದಿರುತ್ತದೆ ಎಂದು ಅವಳಿಗೆ ಹೇಳಿ, ಬೆಳಿಗ್ಗೆಯೇ, ಕೈಗವಸನ್ನೂ ಮರೆತು, ತಾವೇ ಬುಟ್ಟಿ ಹಿಡಿದು ಆನೆಯ ಅಂಗಳಕ್ಕೆ ಓಡಿದರು. ಅಲ್ಲಿ ನೆಲ ಒರೆಸಿಟ್ಟ ತಟ್ಟೆಯ ಹಾಗಿತ್ತು. ಕುಲುಮೆಗೆ ಓಡಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಇಲ್ಲಿ ಒಲೆ ಉರಿದೂ ಆಗಿತ್ತು.

ಕುಲುಮೆಯವನು ಎದ್ದು ನಿಂತ. “ಎಲ್ಲಾ ಸುಟ್ಟಾಯ್ತು ಸಾರ್. ಬೀಜ ಪಟಪಟ ಅಂತ ಸಿಡೀತಿತ್ತು. ನೀವು ಹೇಳಿದ ಹಾಗೇ, ಒಂದನ್ನೂ ಬಿಟ್ಟಿಲ್ಲ.”

ಮನೆಯಲ್ಲಿ ಹೆಂಡತಿ ದಿಂಬಿಗೊರಗಿ ಕಾಯುತ್ತಿದ್ದಳು. ಸಿಕ್ಕಿತಾ ಎಂದು ಕಣ್ಣಲ್ಲೇ ಕೇಳಿದಳು. ಸಾಹೇಬರು ಅವಳ ಕಾಲ ಬಳಿ ಕೂತರು. ಜನ್ಮದಲ್ಲಿ ಮೊದಲ ಸಲ ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು.

“ಎಲ್ಲಾ ಚೊಕ್ಕ ಮಾಡಿಸಿಬಿಟ್ಟೆ ಕಣೇ,” ಎಂದರು.