ಎಡಗೆನ್ನೆಯ ಮೂರು ಕಲೆ

ನನಗೊಂದು ಕೆಟ್ಟ ಆಸೆ ಇತ್ತು. ಸೊಸೆಗೆ ಗೊತ್ತಾದರೆ ನಾಳೆಯಿಂದ ಕಾಫಿ ಸಿಗುವುದಿಲ್ಲ, ಅದಕ್ಕೆ ನಿಮ್ಮ ಕಿವಿಯಲ್ಲಿ ಮಾತ್ರ ಹೇಳುತ್ತೇನೆ: ಮೊಮ್ಮಗಳು ಸಿಂಚನಾಳ ಎಡಗೆನ್ನೆಯ ಮೊಡವೆ ಪೂರ್ತಿ ವಾಸಿಯಾಗಲಿ, ಆದರೆ ಎರಡು ಮೂರು ಕಲೆ ಉಳಿಯಲಿ.

ಬೈಯಬೇಡಿ. ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ನಲವತ್ತು ವರ್ಷ ಔಷಧಿ ಅಂಗಡಿ ನಡೆಸಿದವನು ನಾನು. ಇವತ್ತು ಅಜ್ಜ ಅಜ್ಜಿಯರಾಗಿ ಗತ್ತಿನಿಂದ ಓಡಾಡುವ ಎಷ್ಟೋ ಮುಖಗಳ ಹಳೆಯ ಚರಿತ್ರೆ ನನ್ನ ಹತ್ತಿರ ಇದೆ. ಮೊಡವೆಗೆ ಔಷಧಿ ಬೇಕಾದವರು ನೇರವಾಗಿ ಕೇಳುತ್ತಲೇ ಇರಲಿಲ್ಲ. ಮೊದಲು ತಲೆನೋವಿನ ಮಾತ್ರೆ, ಆಮೇಲೆ ಹತ್ತಿ, ಅಂಗಡಿ ಖಾಲಿಯಾದ ಮೇಲೆ ಮೆಲ್ಲಗೆ, "ನಮ್ ಫ್ರೆಂಡಿಗೆ ಒಂದು ಕ್ರೀಮು..."

"ನಿನ್ ಫ್ರೆಂಡಿನ ಮೊಡವೆ ನಿನ್ ಮುಖದ್ ಮೇಲೆ ಯಾಕಪ್ಪ ಐತೆ?" ಎಂದು ನಾನು ಬಸ್ಸಿಗೆ ಕಾಯುವವರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದೆ. ಪಾಪ, ಓಡಿಹೋಗುವರು. ಮರುದಿನ ಮತ್ತೆ ಬರುವರು. ಮೊಡವೆ ಇರುವವರಿಗೆ ಮಾನಕ್ಕಿಂತ ಕನ್ನಡಿಯ ಭಯ ದೊಡ್ಡದು.

ಮೊಡವೆ ಏನೆಂದು ಕೇಳಿದರೆ ನಮ್ಮ ಕಡೆ ಒಬ್ಬೊಬ್ಬರದು ಒಂದೊಂದು ಶಾಸ್ತ್ರ. ಉಷ್ಣ ಎನ್ನುವವರುಂಟು, ರಕ್ತ ಕೆಟ್ಟಿದೆ ಎನ್ನುವವರುಂಟು, ಯಾರನ್ನೋ ನೆನೆಸಿಕೊಳ್ಳುತ್ತಿದ್ದಾಳೆ ಎಂದು ಕಣ್ಣು ಮಿಟುಕಿಸುವವರೂ ಉಂಟು. ನಿಜ ಇಷ್ಟೇ: ಪ್ರಾಯ ಬಂದಾಗ ಚರ್ಮದೊಳಗಿನ ಎಣ್ಣೆಯ ಗ್ರಂಥಿಗಳಿಗೆ ಹುಮ್ಮಸ್ಸು ಹೆಚ್ಚುತ್ತದೆ, ಸಣ್ಣ ರಂಧ್ರಗಳು ಕಟ್ಟಿಕೊಳ್ಳುತ್ತವೆ, ಒಳಗೆ ಕ್ರಿಮಿ ಸೇರಿ ಕೆಂಪಗೆ ಊದುತ್ತದೆ. ಕೊಳೆಯೆಂದು ಗಸಗಸ ಉಜ್ಜಿದರೆ ಇನ್ನೂ ಸಿಟ್ಟಾಗುತ್ತದೆ. ದಿನಕ್ಕೆರಡು ಸಲ ಮೆತ್ತಗೆ ತೊಳೆಯಬೇಕು, ಡಾಕ್ಟರು ಬರೆದುಕೊಟ್ಟದ್ದನ್ನು ಹಚ್ಚಿ ಎರಡು ಮೂರು ತಿಂಗಳು ಕಾಯಬೇಕು. ಯಾರೋ ಹೇಳಿದರೆಂದು ಬೆಳ್ಳಗಾಗುವ ಟ್ಯೂಬು ತಂದು ಬಳಿದುಕೊಳ್ಳಬಾರದು. ಎಲ್ಲಕ್ಕಿಂತ ಮುಖ್ಯ, ಹಿಸುಕಬಾರದು. ಹಿಸುಕಿದರೆ ಮೊಡವೆ ಹೋಗುತ್ತದೆ, ಗುರುತು ಕೂತುಬಿಡುತ್ತದೆ.

ಇಷ್ಟು ಬುದ್ಧಿ ನನಗೆ ಹತ್ತೊಂಬತ್ತನೇ ವಯಸ್ಸಿನಲ್ಲಿ ಇರಲಿಲ್ಲ. ಆಗ ಇದ್ದದ್ದು ಬರೀ ಕಿತಾಪತಿ. ಚಿತ್ರದುರ್ಗದಲ್ಲಿ ಕಾಲೇಜು ಓದುತ್ತಿದ್ದೆ. ಇಡೀ ಹಾಸ್ಟೆಲ್ಲಿಗೆ ಮೊಡವೆ. ಒಂದು ಭಾನುವಾರ, ಹಳೆಯ ಕಾಲದ ಊರನ್ನು ಅಗೆದು ತೆಗೆದ ಚಂದ್ರವಳ್ಳಿಯ ಕೆರೆ ದಂಡೆಯಲ್ಲಿ ಕೂತು ಗಂಭೀರವಾಗಿ ಒಂದು ಸುಳ್ಳು ಹೇಳಿದೆ. "ಇಲ್ಲಿ ಅಗೆದಾಗ ಸಣ್ ಸಣ್ ಕುಡಿಕೆ ಸಿಕ್ಕಾವಲ್ಲ, ಅವು ಏನ್ ಅನ್ಕಂಡಿದೀರಿ? ರಾಣೇರು ಮುಖಕ್ಕೆ ಹಚ್ಕಳ ಮಣ್ಣು ಇಡ್ತಿದ್ದವು. ಈ ಕೆರೆ ಮಣ್ಣೇ!" ಮಡಕೆ ಚೂರು ಸಿಕ್ಕಿದ್ದು ನಿಜವಾದ್ದರಿಂದ ಸುಳ್ಳಿಗೆ ಬೇರು ಬಂತು. ಮರುದಿನ ಹಾಸ್ಟೆಲ್ಲಿನ ಜಗಲಿಯ ಮೇಲೆ ಸಾಲಾಗಿ ಮಣ್ಣಿನ ಮುಖಗಳು. ಅನುಮಾನ ಬರಬಾರದೆಂದು ನಾನೂ ಬಳಿದುಕೊಂಡು ಕೂತಿದ್ದೆ. ಅಂಥ ನಟನೆ ಆಮೇಲೆ ನಮ್ಮ ಜಿಲ್ಲೆಯಲ್ಲಿ ಯಾರೂ ಮಾಡಿಲ್ಲ ಬಿಡಿ.

ಆದರೆ ಸುದ್ದಿ ಹುಡುಗಿಯರ ಕ್ಲಾಸಿಗೂ ಹೋಗಿತ್ತು. ಹೊಸದುರ್ಗದ ಪಾರ್ವತಿ ಎಂಬಾಕೆ ಆ ಮಣ್ಣು ಹಚ್ಚಿ, ಒಣಗಿದ ಮೇಲೆ ಉಗುರಿನಿಂದ ಕೆರೆದು ತೆಗೆದಿದ್ದಳು. ಎಡಗೆನ್ನೆಯ ಮೊಡವೆಗಳು ಕಿತ್ತು ಬಂದು ಹುಣ್ಣಾದವು. ಚಿತ್ರದುರ್ಗದ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಹಿಡಿದಳು.

"ರಾಣೇರ ಮಣ್ಣು ಅಂತ ಹಬ್ಸಿದೋನು ನೀನೇ ಏನಪ್ಪ?"

"ಹೂಂ ರೀ."

"ಇನ್ ಈ ಮುಖಾನ ಯಾರ್ ನೋಡ್ತಾರೆ?"

"ನಾನ್ ನೋಡ್ತೀನಿ ಬಿಡ್ರಿ" ಎಂದೆ. ತಮಾಷೆಗೆ ಅಂದದ್ದು. ಜೀವನದಲ್ಲಿ ನಾನು ಮಾಡಿದ ತಮಾಷೆಗಳಲ್ಲಿ ನಿಜವಾದದ್ದು ಅದೊಂದೇ. ನಾಲ್ಕು ವರ್ಷದ ಮೇಲೆ ಮದುವೆಯಾಯಿತು. ಆ ಕೆನ್ನೆಯ ಮೇಲೆ ಮೂರು ಕಲ್ಲಿನ ಒಲೆಯ ಹಾಗೆ ಮೂರು ಕಲೆ ಉಳಿದವು. ಅವಳಿಗೆ ಸಿಟ್ಟು ಬಂದಾಗ ಮೊದಲು ಆ ಮೂರು ಕಪ್ಪಾಗುತ್ತಿದ್ದವು, ಆಮೇಲೆ ಮಾತು ಬರುತ್ತಿತ್ತು. ಅದನ್ನು ನೋಡಿಕೊಂಡೇ ನಾನು ಎಷ್ಟೋ ಸಲ ಅಂಗಡಿಗೆ ಪರಾರಿಯಾಗಿದ್ದೇನೆ.

ಪಾರ್ವತಿ ಹೋಗಿ ಎರಡು ವರ್ಷ. ಇಲ್ಲಿಂದ ನನ್ನ ಕಷ್ಟ ಶುರು. ಅವಳು ಎಲ್ಲ ಫೋಟೋದಲ್ಲೂ ಬಲಗೆನ್ನೆ ತೋರಿಸಿಯೇ ನಿಂತವಳು. ಕಾರಣ ಯಾರೆಂದು ನಿಮಗೆ ಗೊತ್ತೇ ಇದೆ. ನೇರ ಮುಖದ್ದು ಒಂದೇ ಒಂದು ಇತ್ತು. ದೊಡ್ಡದು ಮಾಡಿಸಲೆಂದು ಸ್ಟುಡಿಯೋಕ್ಕೆ ಕೊಟ್ಟೆ. "ಕಲೆ ಎಲ್ಲ ತೆಗ್ದು ನೀಟ್ ಮಾಡೀನಿ ನೋಡ್ರಿ ಸಾರ್" ಎಂದು ಸ್ಟುಡಿಯೋದವನು ಹೆಮ್ಮೆಯಿಂದ ಕೊಟ್ಟ. ಸುಲಿದ ಮೊಟ್ಟೆಯಂಥ ಮುಖ. ಯಾರೋ ಒಳ್ಳೆಯ ಹೆಂಗಸು, ಪಾರ್ವತಿಯಲ್ಲ. ಹಳೆಯದನ್ನು ಕೇಳಿದರೆ "ಎಲ್ಲೋ ಇರ್ಬೇಕು ಸಾರ್" ಅಂದ. ಇವತ್ತಿಗೂ ಎಲ್ಲೋ ಇದೆ.

ಇತ್ತೀಚೆಗೆ ಒಂದು ಹೆದರಿಕೆ. ಆ ಮೂರನೆಯ ಕಲೆ ಮೇಲಿತ್ತೋ ಕೆಳಗಿತ್ತೋ? ಅಷ್ಟು ವರ್ಷ ನೋಡಿದ ಮುಖ, ಸರಿಯಾಗಿ ನೆನಪಿಗೆ ಬರುವುದಿಲ್ಲ. ಅಷ್ಟರಲ್ಲಿ ಸಿಂಚನಾಳಿಗೆ ಅದೇ ಕೆನ್ನೆಗೆ ಮೊಡವೆ ಬಂತು. ಈಗ ಹೇಳಿ, ನನ್ನ ಆಸೆ ಅಷ್ಟು ಕೆಟ್ಟದ್ದೇ?

ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅವಳು ಕಾಲೇಜಿಗೆ ಹೊರಟವಳು ನಡುಮನೆಯ ಕನ್ನಡಿಯ ಮುಂದೆ ನಿಂತು ಎರಡೂ ಹೆಬ್ಬೆರಳ ಉಗುರನ್ನು ಕೆನ್ನೆಗೆ ತಂದಳು. ನಾನು ಪೇಪರಿನ ಮರೆಯಿಂದ ನೋಡುತ್ತಿದ್ದೆ. ಸುಮ್ಮನಿದ್ದರೆ ಸಾಕಿತ್ತು, ಕಲೆ ತಾನಾಗಿ ಸಿಗುತ್ತಿತ್ತು. ಒಂದು ಗಳಿಗೆ ಸುಮ್ಮನಿದ್ದೆ ಕೂಡ. ಆಮೇಲೆ ನಲವತ್ತು ವರ್ಷದ ಅಂಗಡಿ ಬಾಯಿಗೆ ಬಂತು.

"ಕೈ ತೆಗೀಲೇ! ಹಿಸುಕಿದ್ರೆ ಕಲೆ ಬೀಳ್ತೈತೆ!"

ಅವಳು ಬೆಚ್ಚಿ ಕೈ ಇಳಿಸಿದಳು. ನನ್ನ ಮುಖ ಯಾಕೋ ಸರಿ ಇರಲಿಲ್ಲವೆಂದು ಕಾಣುತ್ತದೆ. "ಅದಕ್ಕೆ ಯಾಕಜ್ಜ ಅಳ್ತೀಯ?" ಎಂದಳು. ಎಲ್ಲ ಹೇಳಿಬಿಟ್ಟೆ, ಮಣ್ಣಿನಿಂದ ಹಿಡಿದು ಕೆಟ್ಟ ಆಸೆಯ ತನಕ.

ಕೇಳಿ ಒಂದಿಷ್ಟು ನಕ್ಕಳು. ಆಮೇಲೆ ಬ್ಯಾಗಿನಿಂದ ಹುಬ್ಬು ತೀಡುವ ಪೆನ್ಸಿಲ್ ತೆಗೆದು, ಗೋಡೆಯ ಮೇಲಿದ್ದ ಆ ಮೊಟ್ಟೆ ಮುಖದ ಫೋಟೋ ಇಳಿಸಿ ನನ್ನ ತೊಡೆಯ ಮೇಲಿಟ್ಟಳು.

"ಎಲ್ಲೆಲ್ಲಿ ಇದ್ವು ತೋರ್ಸು."

"ನಿನ್ ಬಸ್ಸು?"

"ಇನ್ನೊಂದ್ ಬತ್ತೈತೆ ಬಿಡಜ್ಜ. ಇಲ್ಲಿಡ್ಲಾ?"

"ಅದು ಬಲಗೆನ್ನೆ ಕಣೇ. ಈ ಕಡೆ."

ಮೊದಲೆರಡು ಸುಲಭವಾಗಿ ಬಂದವು. ಮೂರನೆಯದಕ್ಕೆ ತಡಕಾಡಿದೆ. ಕೊನೆಗೆ ಕಣ್ಣು ಮುಚ್ಚಿ ಬೆರಳನ್ನು ಗಾಜಿನ ಮೇಲೆ ಬಿಟ್ಟೆ. ಅದು ತಾನೇ ಹೋಗಿ ಒಂದು ಕಡೆ ನಿಂತಿತು. ಕಣ್ಣಿಗೆ ಮರೆತದ್ದು ಬೆರಳಿಗೆ ಗೊತ್ತಿತ್ತು. ಸಿಂಚನಾ ಅಲ್ಲೇ ಒಂದು ಚುಕ್ಕೆ ಇಟ್ಟಳು. ಪಾರ್ವತಿ ನನ್ನನ್ನು ನೋಡಿದಳು, ಸ್ವಲ್ಪ ಸಿಟ್ಟಿನಲ್ಲೇ.

ಸೊಸೆ ಸೋಮವಾರ ಸೋಮವಾರ ವಿಭೂತಿ ಹಚ್ಚುವ ಮೊದಲು ಗಾಜು ಒರೆಸುತ್ತಾಳೆ. "ಇದ್ಯಾರು ಇಲ್ಲಿ ಗಲೀಜು ಮಾಡೋರು?" ಎಂದು ಗೊಣಗುತ್ತಾಳೆ. ಅವಳು ಅಡುಗೆಮನೆಗೆ ಹೋದ ಮೇಲೆ ನಾವು ಮತ್ತೆ ಇಡುತ್ತೇವೆ. ಡಾಕ್ಟರ ಔಷಧಿಗೆ ಸಿಂಚನಾಳ ಕೆನ್ನೆ ತಿಳಿಯಾಗುತ್ತಿದೆ. ಅದಕ್ಕೆ ಈಗ ನನ್ನದೇನೂ ತಕರಾರಿಲ್ಲ.

ಈ ಸೋಮವಾರ ಅವಳಿಗೆ ಪರೀಕ್ಷೆ, ಬೇಗ ಹೋಗಿದ್ದಳು. ನಾನೇ ಪೆನ್ಸಿಲ್ ಹಿಡಿದೆ. ಕೈ ತಪ್ಪಿ ನಾಲ್ಕು ಚುಕ್ಕೆ ಆಗಿಬಿಟ್ಟವು. ಅಳಿಸಲು ಹೋದವನು ಹಾಗೇ ಬಿಟ್ಟೆ. ಇನ್ನೊಂದು ಯಾವಾಗ ಬಂತೆಂದು ಪಾರ್ವತಿ ಒಂದು ವಾರ ತಲೆ ಕೆಡಿಸಿಕೊಳ್ಳಲಿ.