ಕಾಂತಮ್ಮನ ಎಳ್ಳಿನ ದಂಡಯಾತ್ರೆ

ಪಿನಾಂಗ್ ದ್ವೀಪದ ಬಯಾನ್ ಲೆಪಾಸ್‌ನಲ್ಲಿ ಹದಿನೆಂಟು ವರ್ಷ ಸಂಸಾರ ಮಾಡಿದ ಕಾಂತಮ್ಮ ಯಾವುದಕ್ಕೂ ಹೆದರುವವಳಲ್ಲ ಎಂಬುದು ಅವಳ ಕಾಂಡೋದ ಹನ್ನೊಂದನೇ ಮಹಡಿಗೆಲ್ಲ ಗೊತ್ತಿತ್ತು. ಲಿಫ್ಟ್ ಕೆಟ್ಟ ದಿನ ಮ್ಯಾನೇಜ್‌ಮೆಂಟ್ ಆಫೀಸಿನವರು ಅವಳ ಚಪ್ಪಲಿಯ ಸದ್ದು ಕೇಳಿಯೇ ರಿಪೇರಿಯವನಿಗೆ ಫೋನ್ ಹಚ್ಚುತ್ತಿದ್ದರು. ಒಮ್ಮೆ ಏರ್‌ಪೋರ್ಟಿನಲ್ಲಿ ಅವಳ ಉಪ್ಪಿನಕಾಯಿ ಭರಣಿಯನ್ನು ತಡೆದ ಅಧಿಕಾರಿ, ಹತ್ತು ನಿಮಿಷದ ಮಾತುಕತೆಯ ನಂತರ ತಾನೇ ಅದನ್ನು ಟ್ಯಾಕ್ಸಿಯವರೆಗೆ ಹೊತ್ತು ತಂದಿದ್ದ. ಇಂಥ ವೀರವನಿತೆ ಜೀವಮಾನದಲ್ಲಿ ಒಂದೇ ಸಲ ಹೆದರಿದ್ದಳು. ಆ ಹೆದರಿಕೆಯ ಉದ್ದ ಹದಿಮೂರು ಹೆಜ್ಜೆ.

ಅವಳ ಬಾಗಿಲಿನಿಂದ ಎದುರುಮನೆಯ ಜಾಹೀದಾಳ ಬಾಗಿಲಿಗೆ ಇದ್ದದ್ದು ಅಷ್ಟೇ ದೂರ. ಜಾಹೀದಾ ಹುಬ್ಬಳ್ಳಿಯವಳು, ಕಾಂತಮ್ಮ ಮೈಸೂರಿನವಳು. ಹದಿನಾಲ್ಕು ಸಂಕ್ರಾಂತಿಗಳಲ್ಲಿ ಕಾಂತಮ್ಮನ ಎಳ್ಳು ಬೀರುವ ಮೊದಲ ತಟ್ಟೆ ಆ ಕಾರಿಡಾರು ದಾಟಿತ್ತು: ಎಳ್ಳುಬೆಲ್ಲ, ಸಕ್ಕರೆ ಅಚ್ಚು, ಒಂದು ಚಿಪ್ಪು ಬಾಳೆಹಣ್ಣು, ಒಂದು ಗೇಣು ಕಬ್ಬು. 2021ರ ಜನವರಿಯಲ್ಲಿ ಸಂಕ್ರಾಂತಿಯ ಹಿಂದಿನ ದಿನ ಲಾಕ್‌ಡೌನ್ ಮತ್ತೆ ಬಂತು. ಅದೇ ವಾರ ಜಾಹೀದಾಳ ಮನೆಗೆ ಕೋವಿಡ್ ಬಂತು. ಕಾಂತಮ್ಮ ತನ್ನ ಬಾಗಿಲ ಸಂದಿಗೆ ಟೇಪ್ ಅಂಟಿಸಿದಳು, ಚಪ್ಪಲಿ ಸ್ಟ್ಯಾಂಡನ್ನು ಒಳಗೆಳೆದುಕೊಂಡಳು, ಎಳ್ಳನ್ನು ಗಂಡ, ಮಗಳು, ತಾನು ಮೂವರೇ ಕೂತು ತಿಂದರು. ಹದಿನಾಲ್ಕು ದಿನ ಎದುರುಮನೆಯ ಹೊಸ್ತಿಲಲ್ಲಿ ಒಂದು ಡಬ್ಬಿ ಸಾರನ್ನೂ ಇಟ್ಟು ಬರಲಿಲ್ಲ.

ಜಾಹೀದಾ ಗುಣವಾದಳು. ಜೂನಿನಲ್ಲಿ ಗಂಡ ರಶೀದನಿಗೆ ದೇಶದ ಆಚೆ ಬದಿಯ ಪೂರ್ವ ಕರಾವಳಿಯ ಕೋಟಾ ಭಾರುವಿನಲ್ಲಿ ಕೆಲಸ ಸಿಕ್ಕಿ ಮನೆ ಖಾಲಿ ಮಾಡಿದಾಗ, ಬಾಗಿಲಲ್ಲೇ ನಿಂತು, “ಬರ್ತೀವ್ರೀ ಕಾಂತಮ್ಮಾರ,” ಎಂದಳು. ಅಷ್ಟು ವರ್ಷ “ಏ ಕಾಂತಾ” ಎನ್ನುತ್ತಿದ್ದವಳು. ಆಮೇಲೆ ಕಾಂತಮ್ಮ ಕಳಿಸಿದ ಮೆಸೇಜಿಗೆಲ್ಲ ಒಂದೊಂದು ಹಳದಿ ಹೆಬ್ಬೆರಳು ಮಾತ್ರ ಬರುತ್ತಿತ್ತು.

ಅಕ್ಟೋಬರಿನಲ್ಲಿ ಲಾಕ್‌ಡೌನ್ ಸಡಿಲಾಗಿ ರಾಜ್ಯದಿಂದ ರಾಜ್ಯಕ್ಕೆ ದಾರಿ ತೆರೆಯಿತು. ಅವತ್ತು ರಾತ್ರಿ ಊಟಕ್ಕೆ ಬಡಿಸುತ್ತಾ ಕಾಂತಮ್ಮ ಯುದ್ಧ ಘೋಷಿಸಿದಳು.

“ಈ ಸಂಕ್ರಾಂತಿ ಎಳ್ಳು ಕೋಟಾ ಭಾರುಗೆ ಹೋಗುತ್ತೆ. ಹಬ್ಬದ ದಿನವೇ, ಹೊತ್ತು ಮುಳುಗೋದ್ರೊಳಗೆ, ನನ್ನ ಕೈಯಿಂದ ಅವಳ ಕೈಗೆ.”

“ಕೊರಿಯರ್ ಮಾಡಿದ್ರಾಯ್ತಲ್ಲ,” ಎಂದ ಗಂಡ ಗೋಪಿನಾಥ.

ಅವಳು ನೋಡಿದ ನೋಟಕ್ಕೆ ಅವನ ಹಪ್ಪಳ ತಟ್ಟೆಯಲ್ಲೇ ಮೆತ್ತಗಾಯಿತು.

ಗೋಪಿನಾಥ ಚಿಪ್ ಫ್ಯಾಕ್ಟರಿಯಲ್ಲಿ ಗುಣಮಟ್ಟದ ಎಂಜಿನಿಯರು. ಯಾವ ವಸ್ತು ಯಾವ ಯಾವ ರೀತಿಯಲ್ಲಿ ಕೆಡಬಹುದೆಂದು ಮೊದಲೇ ಊಹಿಸಿ, ಅಪಾಯಕ್ಕೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು ಕೋಷ್ಟಕ ಬರೆಯುವುದೇ ಅವನ ವೃತ್ತಿ. ಅವನು ಮದುವೆಗೆ ಮುಂಚೆಯೂ ಒಂದು ಕೋಷ್ಟಕ ಬರೆದಿದ್ದ ಎಂಬ ಗುಮಾನಿ ಕಾಂತಮ್ಮನಿಗೆ ಇಂದಿಗೂ ಇದೆ. ಈ ಯಾತ್ರೆಗೆ ಅವನು ಅರವತ್ನಾಲ್ಕು ಸಾಲುಗಳ ಕೋಷ್ಟಕ ತಯಾರಿಸಿದ. ವಿಮಾನ ಬೇಡ, ಆರಡಿ ಕಬ್ಬನ್ನು ಒಳಗೆ ಬಿಡುವುದಿಲ್ಲ. ಹೋಟೆಲು ಬೇಡ, ಏಳನೇ ಸಾಲು, ಕೋವಿಡ್, ಹತ್ತಕ್ಕೆ ಒಂಬತ್ತು. ಉಳಿದದ್ದು ಹಾಸಿಗೆ, ಒಲೆ, ಸಿಂಕು ಎಲ್ಲವೂ ಇರುವ ಒಂದು ಬಾಡಿಗೆ ಕ್ಯಾಂಪರ್ ವ್ಯಾನು. ಮನುಷ್ಯಮಾತ್ರದವರು ಏಳು ಗಂಟೆಯಲ್ಲಿ ಮುಗಿಸುವ ದಾರಿಗೆ ಅವನು ಮೂರು ದಿನ ಇಟ್ಟ. ನಲವತ್ತೊಂದನೇ ಸಾಲಿನಲ್ಲಿ ಆನೆಯೂ ಇತ್ತು: ಸಂಭವ ಹತ್ತಕ್ಕೆ ಎರಡು, ಪರಿಹಾರ, ಹಾರನ್ ಮಾಡದೆ ಹಿಂದಕ್ಕೆ ಸರಿದು ಗೆರಿಕ್ ಊರಿಗೆ ವಾಪಸ್.

ಕಾಂತಮ್ಮನ ಕೋಷ್ಟಕ ಅಡುಗೆಮನೆಯಲ್ಲಿತ್ತು. ಕೊಬ್ಬರಿಯನ್ನೂ ಬೆಲ್ಲವನ್ನೂ ಅಡಕತ್ತರಿಯಲ್ಲಿ ಸಣ್ಣಗೆ ಕತ್ತರಿಸಿ ಬಾಲ್ಕನಿಯಲ್ಲಿ ಒಣಗಿಸಿದಳು. ಮಳೆ ಬಂದಾಗಲೆಲ್ಲ ಹದಿನೇಳರ ಮಗಳು ಪೂರ್ವಿ ಆನ್‌ಲೈನ್ ಪಾಠ ಬಿಟ್ಟು ಮೊರ ಒಳಗೆ ತರಬೇಕಿತ್ತು. ತಮಿಳರ ಪೊಂಗಲ್‌ಗೆಂದು ಪೇಟೆಗೆ ಬಂದಿದ್ದ ಕಬ್ಬಿನಲ್ಲಿ ಎಂಟು ಜಲ್ಲೆ, ಜೊತೆಗೆ ಒಂದು ಪೂರ್ತಿ ಬಾಳೆಗೊನೆ ತಂದಳು.

“ಗೊನೆ ಒಳಗಿಟ್ರೆ ಹಣ್ಣಿನ ವಾಸನೆಗೆ ನಿದ್ದೆ ಬರಲ್ಲ, ಸಾಲು ಇಪ್ಪತ್ತಾರು,” ಎಂದು ಗೋಪಿನಾಥ ಗೊನೆಯನ್ನೂ ಕಬ್ಬನ್ನೂ ವ್ಯಾನಿನ ಹಿಂದೆ, ಸೈಕಲ್ ಕಟ್ಟುವ ಕಂಬಿಗೆ ಬಿಗಿದ. ಎರಡು ಕಡೆ ನಾಲ್ಕು ನಾಲ್ಕು ಜಲ್ಲೆ, ನಡುವೆ ಗೊನೆ. ಹಿಂದಿನಿಂದ ನೋಡಿದರೆ ಸತ್ಯನಾರಾಯಣ ಪೂಜೆಯ ಮಂಟಪವೇ ಚಕ್ರ ಕಟ್ಟಿಕೊಂಡು ಹೊರಟಂತಿತ್ತು. ಕಾಡಾನೆಗಳಿಗೆ ಹೆಸರಾದ ದಾರಿಯಲ್ಲಿ ಕಬ್ಬು, ಬಾಳೆ ಕಟ್ಟಿಕೊಂಡು ಹೋಗುವುದು ಇಬ್ಬರು ಪದವೀಧರರಲ್ಲಿ ಒಬ್ಬರಿಗೂ ವಿಚಿತ್ರವೆನಿಸಲಿಲ್ಲ. ಅವನಿಗೆ ಹಣ್ಣೆಂದರೆ ಇಪ್ಪತ್ತಾರನೇ ಸಾಲು, ಆನೆಯೆಂದರೆ ನಲವತ್ತೊಂದನೆಯದು. ನಡುವೆ ಹದಿನೈದು ಸಾಲುಗಳ ಅಂತರವಿತ್ತು.

ಮೊದಲ ದಿನ ದ್ವೀಪದ ಸೇತುವೆ ದಾಟಿ, ಬಾಲಿಂಗ್ ಊರು ಹಾದು, ಗಂಟೆಗೆ ಐವತ್ತು ಕಿಲೋಮೀಟರಿನ ಶರವೇಗದಲ್ಲಿ ಗೆರಿಕ್ ಮುಟ್ಟಿದರು. ಒಂದು ಲಾರಿ, ಎರಡು ಶಾಲಾ ವ್ಯಾನು, ಒಬ್ಬ ಸ್ಕೂಟರಿನ ಅಜ್ಜಿ ಅವರನ್ನು ಹಿಂದೆ ಹಾಕಿದರು. ಎರಡನೇ ದಿನ ಬಾಂಡಿಂಗ್‌ನ ಕೆರೆಯ ಬಳಿ ತಂಗಿದರು. ನೀರಿನಲ್ಲಿ ಮುಳುಗಿ ಸತ್ತ ಮರಗಳ ಬೋಳು ತುದಿಗಳು ಮಂಜಿನಲ್ಲಿ ನಿಂತಿದ್ದವು, ಸುತ್ತಲೂ ಕಣ್ಣು ಹೋದಷ್ಟು ದೂರ ಮನೆಯೆಂಬುದಿಲ್ಲದ ಬೆಲುಮ್ ಕಾಡು. ಫೋನಿಗೆ ಸಿಗ್ನಲ್ ಇರಲಿಲ್ಲ. ಪೂರ್ವಿ ಹನ್ನೊಂದು ತಿಂಗಳಲ್ಲಿ ಮೊದಲ ಬಾರಿ ತಂದೆತಾಯಿಯ ಮುಖವನ್ನು ಸರಿಯಾಗಿ ನೋಡಿದಳು. “ಯೂ ಬೋತ್ ಲುಕ್ ಓಲ್ಡ್ ಲಾ,” ಎಂದಳು ಪಿನಾಂಗಿನ ಇಂಗ್ಲಿಷಿನಲ್ಲಿ.

ಸಂಕ್ರಾಂತಿಯ ದಿನ ಗೋಪಿನಾಥ ಟೈರು, ಬ್ರೇಕು, ಗ್ಯಾಸು ಪರೀಕ್ಷಿಸಿ ವ್ಯಾನು ಹೊರಡಿಸುವಾಗ ಹನ್ನೆರಡೂವರೆ. ಘಟ್ಟದಂಥ ಏರಿನಲ್ಲಿ ಗಂಟೆಗೆ ಮೂವತ್ತು. ಒಂದು ತಿರುವಿನ ಪಕ್ಕದ ಜಾಗದಲ್ಲಿ ಎಂಜಿನ್ ತಣಿಯಲೆಂದು ನಿಲ್ಲಿಸಿದ. ಕಾಂತಮ್ಮ ಫಿಲ್ಟರಿನಿಂದ ಡಿಕಾಕ್ಷನ್ ಬಗ್ಗಿಸುವಾಗ ವ್ಯಾನು ಮೆಲ್ಲಗೆ ಓಲಾಡಿತು.

“ಸಾಲು ಹನ್ನೆರಡು, ಹ್ಯಾಂಡ್‌ಬ್ರೇಕ್,” ಎಂದ ಗೋಪಿನಾಥ.

“ಅಪ್ಪಾ,” ಎಂದಳು ಹಿಂದಿನ ಸೀಟಿನ ಪೂರ್ವಿ ಶಾಂತವಾಗಿ, “ದೇರ್ ಈಸ್ ಆ್ಯನ್ ಐ ಇನ್ ದ ವಿಂಡೋ.”

ಕಿಟಕಿಯ ತುಂಬ ಒಂದು ಕಣ್ಣು, ಉದ್ದ ರೆಪ್ಪೆ, ಸುತ್ತ ಸುಕ್ಕು. ಕಂಬಿ ಕಿರ್ರೆಂದಿತು, ಗೊನೆ ಕಿತ್ತು ಹೋಯಿತು. ಆಮೇಲೆ ಎರಡೂ ಕಡೆಯ ಕಬ್ಬು. ಆನೆ ಅದನ್ನು ಸೊಂಡಿಲಲ್ಲಿ ಹೊತ್ತು ವ್ಯಾನನ್ನು ಸುತ್ತಿ ಬಂದು, ರಸ್ತೆಯ ನಟ್ಟನಡುವೆ ನಿಂತು, ಒಂದೊಂದೇ ಜಲ್ಲೆ ಮುರಿದು ತಿನ್ನತೊಡಗಿತು. ಹಬ್ಬದೂಟಕ್ಕೆ ಕೂತ ಬೀಗರಿಗೂ ಅಷ್ಟು ಬಿಡುವು ಇರುವುದಿಲ್ಲ. ಎರಡೂ ಕಡೆ ಬೇರೆ ವಾಹನವಿಲ್ಲ. ಒಂದು ಗಂಟೆಯಾಯಿತು. ಮೂರು ಹೊಡೆಯಿತು. ಕಬ್ಬು ಮುಗಿದರೂ ಆನೆ ಕದಲಲಿಲ್ಲ, ಎರಡನೇ ಸಲ ಬಡಿಸುತ್ತಾರೆಂದು ಕಾಯುವಂತೆ ವ್ಯಾನನ್ನೇ ನೋಡುತ್ತಿತ್ತು.

“ಗೆರಿಕ್‌ಗೆ ವಾಪಸ್ ಹೋಗೋಣ ಕಾಂತಾ. ನಾಳೆ ಬಂದ್ರಾಯ್ತು.”

“ನಾಳೆ ಹಬ್ಬ ಅಲ್ಲ.”

“ನಾಳೆ ಕೊಟ್ರೆ ಅವರೇನು ಬೇಡ ಅಂತಾರಾ?”

“ರೀ, ಹೋದ ವರ್ಷಾನೂ ನಾನು ಹೀಗೇ ನಾಳೆ, ನಾಳೆ ಅಂತಲೇ ಹದಿನಾಲ್ಕು ದಿನ ಕಳೆದೆ. ರಿವರ್ಸ್ ಹಾಕಿದ್ರೆ ನಾನಿಳಿದು ನಡೀತೀನಿ.”

ಅವಳು ಹೇಳಿದ್ದನ್ನು ಮಾಡುವವಳು ಎಂಬುದಕ್ಕೆ ಇಪ್ಪತ್ತಮೂರು ವರ್ಷಗಳ ದಾಖಲೆಯಿತ್ತು. ಗೋಪಿನಾಥ ಗೇರಿನಿಂದ ಕೈ ತೆಗೆದ.

ವ್ಯಾನಿನೊಳಗೆ ಉಳಿದದ್ದು ತೊಡೆಯ ಮೇಲಿನ ಎಳ್ಳಿನ ಡಬ್ಬಿ ಮತ್ತು ಜಾಹೀದಾಳ ತಟ್ಟೆಗೆಂದೇ ಗೊನೆಯಿಂದ ಆರಿಸಿ ತೆಗೆದಿಟ್ಟಿದ್ದ ಒಂದು ಚಿಪ್ಪು ಬಾಳೆಹಣ್ಣು, ಒಂದಕ್ಕೂ ಮಚ್ಚೆಯಿಲ್ಲ. ಕಾಂತಮ್ಮ ಅದನ್ನು ಒಂದು ಗಳಿಗೆ ನೋಡಿದಳು. ಆ ಹದಿಮೂರು ಹೆಜ್ಜೆಯ ಹೆದರಿಕೆಯೇ ಮತ್ತೆ ಬಂದಿತ್ತು. ಆದರೂ ಗಾಜು ಇಳಿಸಿದಳು.

“ಕಾಂತಾ, ಇದು ಕೋಷ್ಟಕದಲ್ಲಿ ಇಲ್ಲ.”

“ನೀವು ಕ್ಲಚ್ ಮೇಲೆ ಕಾಲಿಡಿ.”

ಕಾಲೇಜಿನಲ್ಲಿ ಥ್ರೋಬಾಲ್ ತಂಡದ ನಾಯಕಿಯಾಗಿದ್ದವಳ ತೋಳು ಮೂವತ್ತು ವರ್ಷಗಳ ನಂತರ ಎದ್ದಿತು. ಚಿಪ್ಪು ರಸ್ತೆ ದಾಟಿ, ತಡೆಗಂಬ ದಾಟಿ, ಹುಲ್ಲಿನ ಇಳಿಜಾರಿಗೆ ಬಿತ್ತು. ಆನೆ ಅದನ್ನು ನೋಡಿತು, ಇವರನ್ನು ನೋಡಿತು, ಲೆಕ್ಕ ಹಾಕಿ ಅತ್ತ ತಿರುಗಿತು. ವ್ಯಾನು ತನ್ನ ಆಯುಷ್ಯದಲ್ಲೇ ಮೊದಲ ಬಾರಿ ಗಂಟೆಗೆ ಎಂಬತ್ತು ಕಂಡಿತು, ಜೆಲಿ ಊರಿನ ಪೆಟ್ರೋಲ್ ಬಂಕ್ ಬಂದ ಮೇಲೇ ನಿಂತಿತು.

ಕೋಟಾ ಭಾರುವಿನ ಆ ಬೀದಿಗೆ ತಿರುಗಿದಾಗ ಆರೂ ನಲವತ್ತು. ಬಿಸಿಲು ತೆಂಗಿನ ತಲೆಗಳಲ್ಲಿ ಮಾತ್ರ ಉಳಿದಿತ್ತು. ಕಾಂತಮ್ಮ ಸೀರೆ ಸರಿಮಾಡಿಕೊಂಡು, ಮಾಸ್ಕ್ ಏರಿಸಿ, ಡಬ್ಬಿ ಹಿಡಿದು ಬೆಲ್ ಒತ್ತಿದಳು. ಜಾಹೀದಾ ಬಾಗಿಲು ತೆರೆದಳು. ನೋಡಿದಳು. ಒಳಗೆ ಕರೆಯಲಿಲ್ಲ.

“ಏನ್ರೀ ಇಷ್ಟು ದೂರ?”

“ಸಂಕ್ರಾಂತಿ ಅಲ್ವಾ.”

“ಅಲ್ಲಿ ಹದಿಮೂರ ಹೆಜ್ಜಿ ಇತ್ತು. ಅವಾಗ ಬರಲಿಲ್ಲ.”

ಕಾಂತಮ್ಮ ತಲೆಯೆತ್ತಿದಳು. “ನೀನೂ ಎಣಿಸಿದ್ದೆಯಾ?”

“ಹದಿನಾಕು ದಿನ ಬಾಗಿಲ ತೂತಿನ್ಯಾಗ ಕಣ್ಣಿಟ್ಕೊಂಡು ನಿಂತವರಿಗೆ ಎಣಿಸಾಕ ಬರಂಗಿಲ್ಲೇನು?”

“ಹೆದರಿದ್ದೆ ಜಾಹೀದಾ. ಬೇರೆ ಏನೂ ಕಾರಣ ಇಲ್ಲ. ಬರೀ ಹೆದರಿದ್ದೆ.”

ಜಾಹೀದಾ ಒಳಗೆ ಹೋದಳು. ಬಾಗಿಲು ಅರ್ಧ ಮುಚ್ಚಿಕೊಂಡಿತು. ಬೀದಿಯ ತುದಿಯಲ್ಲಿ ಬಿಸಿಲಿನ ಕೊನೆಯ ಚೂರೂ ಜಾರುತ್ತಿತ್ತು. ಕಾಂತಮ್ಮ ಡಬ್ಬಿ ಹಿಡಿದು ಅಲ್ಲೇ ನಿಂತಳು. ನಾಳೆಯವರೆಗೆ ನಿಲ್ಲುವುದಾದರೂ ಸರಿ ಎಂದುಕೊಂಡಳು.

ಜಾಹೀದಾ ತಿರುಗಿ ಬಂದಾಗ ಕೈಯಲ್ಲಿ ಒಂದು ಸ್ಟೀಲ್ ತಟ್ಟೆಯಿತ್ತು. ಅಂಚಿನಲ್ಲಿ ಅಂಗಡಿಯವನು ಕೊರೆದ ‘ಕಾಂತ’ ಎಂಬ ಹೆಸರು. 2020ರ ಸಂಕ್ರಾಂತಿಯಲ್ಲಿ ಎಳ್ಳು ಹೊತ್ತು ಹೋದ ತಟ್ಟೆ.

“ಖಾಲಿ ತಟ್ಟಿ ಕೊಡಬಾರದಂತ ನೀನ ಕಲಿಸಿದ್ದಿ. ತುಂಬಿ ಕೊಡೂಣಂತ ಇಟ್ಕೊಂಡೆ. ಆಮ್ಯಾಲೆ ಸಿಟ್ಟು ಬಂತು, ಕೊಡೂದ ಬ್ಯಾಡ ಅಂತ ಇಟ್ಕೊಂಡೆ. ಮನಿ ಸಾಮಾನಿನ್ಯಾಗ ಇಲ್ಲಿತನಕ ಬಂತು.” ತಟ್ಟೆ ಮುಂದೆ ಚಾಚಿದಳು. “ಹಾಕು.”

ಕಾಂತಮ್ಮ ಡಬ್ಬಿ ಬಗ್ಗಿಸಿದಳು. ಜಾಹೀದಾ ತಟ್ಟೆಯನ್ನು ನೋಡಿ ಹುಬ್ಬೇರಿಸಿದಳು.

“ಕಬ್ಬು ಎಲ್ಲಿ? ಬಾಳಿಹಣ್ಣು?”

“ಆನೆ ತಿಂತು.”

“ಏ ಕಾಂತಾ, ಸುಳ್ಳು ಹೇಳೂದಾದ್ರ ನಂಬೂವಂಥಾದ್ದು ಹೇಳು.”

“ವ್ಯಾನಿನ ಹಿಂದೆ ಬಂದು ನೋಡು.”

ಜಾಹೀದಾ ತಟ್ಟೆ ಹಿಡಿದೇ ಚಪ್ಪಲಿ ಮೆಟ್ಟಿ ಇಳಿದಳು. ಕಂಬಿ ಬಿಲ್ಲಿನಂತೆ ಬಾಗಿತ್ತು. ಹಿಂದಿನ ಗಾಜಿನ ಮೇಲೆ ಒದ್ದೆ ಸೊಂಡಿಲು ಒರೆಸಿದ ಮಣ್ಣಿನ ಬರೆ. ಅವಳು ಬಾಯಿಗೆ ಸೆರಗು ಹಿಡಿದು ನಗತೊಡಗಿದಳು. ನಗುತ್ತಾ ನಗುತ್ತಾ ಒಂದು ಹಿಡಿ ಎಳ್ಳು ಬಾಯಿಗೆ ಹಾಕಿಕೊಂಡಳು.

ಡ್ರೈವರ್ ಸೀಟಿನಲ್ಲಿ ಗೋಪಿನಾಥ ಅರವತ್ತೈದನೇ ಸಾಲು ಬರೆಯುತ್ತಿದ್ದ. ‘ಹೆಂಡತಿ’ ಎಂದು ಬರೆದು, ಸಂಭವ ಹತ್ತಕ್ಕೆ ಹತ್ತು ಕೊಟ್ಟು, ಪರಿಹಾರದ ಅಂಕಣವನ್ನು ಖಾಲಿ ಬಿಟ್ಟ.