ವಾಲ್ವು ಮುರಿದ ಮೇಲೆ ಬಚ್ಚ ಹೇಳಿದ ಮಾತು

ಬೆಳಗಿನ ಆರು ಗಂಟೆ. ಕುಂದಾಪುರದ ಹೊಳೆಬದಿಯಲ್ಲಿ ತೆಂಗಿನ ಮಡಲು ಹೊದೆಸಿದ ಕೊಟ್ಟಿಗೆಯೊಳಗೆ ಬಚ್ಚ ಮೊಗವೀರ ಗೋಧಿಹಿಟ್ಟು ನಾದುತ್ತಿದ್ದಾರೆ. ಚಪಾತಿಗಲ್ಲ. ಲಿಂಬೆಹಣ್ಣಿನಷ್ಟು ಹಿಟ್ಟು ಚಿವುಟಿ, ಬಿಚ್ಚಿಟ್ಟ ಎಂಜಿನ್ನಿನ ಪಿಸ್ಟನ್ನಿನ ನೆತ್ತಿಗೆ ಮೆತ್ತುತ್ತಾರೆ. ಮೇಲಿಷ್ಟು ಎಣ್ಣೆ ಸವರಿ, ವಾಲ್ವುಗಳಿರುವ ಮುಚ್ಚಳವನ್ನು, ಅದೇ ಹೆಡ್ಡನ್ನು, ಕೂರಿಸಿ, ಬೋಲ್ಟು ಬಿಗಿದು, ಕೈಯಿಂದಲೇ ಎರಡು ಸುತ್ತು ತಿರುಗಿಸಿ, ಮತ್ತೆ ಎಲ್ಲವನ್ನೂ ಬಿಚ್ಚುತ್ತಾರೆ. ಈಗ ಹಿಟ್ಟಿನ ಮೇಲೆ ವಾಲ್ವಿನ ದುಂಡು ಗುರುತು. ಬ್ಲೇಡಿನಿಂದ ಅದನ್ನು ಕೊಯ್ದು, ತೀರಾ ತೆಳ್ಳಗಾದ ಕಡೆ ಎಷ್ಟು ದಪ್ಪ ಉಳಿದಿದೆ ಎಂದು ಅಳೆಯುತ್ತಾರೆ.

“ಇಲ್ಲ್ ಎರಡ್ ಮಿಲಿಮೀಟರ್ ಆದ್ರೂ ಉಳೀಕ್. ಕಮ್ಮಿ ಆಯ್ತಾ, ಈ ಎಂಜಿನ್ ನಾನ್ ಹೊರ್ಗೆ ಬಿಡೂದಿಲ್ಲೆ,” ಎನ್ನುತ್ತಾರೆ, ತಲೆ ಎತ್ತದೆ.

ಎಂಜಿನ್ ಉಸಿರಾಡುವುದು ವಾಲ್ವುಗಳ ಮೂಲಕ. ವಾಲ್ವನ್ನು ಒತ್ತಿ ತೆರೆಸುವುದು ಕ್ಯಾಮ್‌ಶಾಫ್ಟಿನ ಉಬ್ಬು. ಮರಳಿ ಎಳೆದು ಮುಚ್ಚುವುದು ಸ್ಪ್ರಿಂಗು. ಉಬ್ಬು ಎತ್ತರದ್ದಾದರೆ ವಾಲ್ವು ಹೆಚ್ಚು ತೆರೆಯುತ್ತದೆ, ಎಂಜಿನ್ನಿಗೆ ಓಟ ಬರುತ್ತದೆ. ಆದರೆ ಅದಕ್ಕೆ ತಕ್ಕ ಸ್ಪ್ರಿಂಗು ಇರದಿದ್ದರೆ, ವಾಲ್ವು ಮುಚ್ಚಿಕೊಳ್ಳುವ ಮೊದಲೇ ಪಿಸ್ಟನ್ ಮೇಲೆ ಬಂದು ಗುದ್ದುತ್ತದೆ. ಒಂದಕ್ಕೊಂದು ಹೊಂದುವ ಹಾಗೆ ಇವನ್ನೆಲ್ಲ ಜೋಡಿಸುವುದೇ ಬಚ್ಚರ ಕೆಲಸ. ಒಂದು ಎಂಜಿನ್ನಿಗೆ ಎಂಟು ವಾಲ್ವು, ಒಂದೊಂದನ್ನೂ ಅದರದರ ಕುಳಿಗೆ ತಿಕ್ಕಿ ಕೂರಿಸಲು ಅರ್ಧ ಗಂಟೆ. ಹಿಟ್ಟಿನ ಅಳತೆ ಮೂರು ಸಲ. ವಾರಕ್ಕೆ ಒಂದೇ ಎಂಜಿನ್ನು, ಹೆಚ್ಚೆಂದರೆ ಎರಡು. ಬೇರೆಯವರು ಒಂದೇ ದಿನದಲ್ಲಿ ಮುಗಿಸಿ ಕೊಡುತ್ತಾರೆ ಎಂದರೆ, “ಕೊಡ್ಲಿ. ನಾನೂ ಹಂಗೇ ಕೊಟ್ಟವ,” ಎಂದು ಮುಂದಿನ ವಾಲ್ವು ಎತ್ತಿಕೊಳ್ಳುತ್ತಾರೆ.

ಉಪ್ಪುಂದದ ಬಲೆಗಾರರ ಮನೆಯಲ್ಲಿ ಹುಟ್ಟಿದ ಬಚ್ಚ ಸಾವಿರದ ಒಂಬೈನೂರ ಐವತ್ತಾರರಲ್ಲಿ ಮುಂಬಯಿ ಸೇರಿದರು. ಪಂದ್ಯದ ಕಾರುಗಳನ್ನು ಸಜ್ಜುಗೊಳಿಸುವ ಗ್ಯಾರೇಜೊಂದರಲ್ಲಿ ಐದು ವರ್ಷ ದುಡಿದು, ಕೈ ಪಳಗಿಸಿಕೊಂಡು ಊರಿಗೆ ಮರಳಿದಾಗ ಅವರ ಹೆಸರು ಹೊಳೆಯ ಎರಡೂ ದಡದಲ್ಲಿ ಓಡಾಡಿತು. ಗಂಗೊಳ್ಳಿಗೆ ಜನ ದಾಟಿಸುವ ಲಾಂಚಿನ ಯಜಮಾನ ಲೀಲಾಧರ ಶೆಟ್ಟರು ಅವರನ್ನು ಕೆಲಸಕ್ಕೆ ಇಟ್ಟುಕೊಂಡರು. ಅರವತ್ತನಾಲ್ಕರಲ್ಲಿ ಎದುರಾಳಿ ಲಾಂಚನ್ನು ಹಿಂದೆ ಹಾಕಲೆಂದು ಶೆಟ್ಟರು ಮುಂಬಯಿಯಿಂದ ಎತ್ತರದ ಉಬ್ಬಿನ ಕ್ಯಾಮ್‌ಶಾಫ್ಟೊಂದನ್ನು ತರಿಸಿದರು. ಬಚ್ಚ ಒಂದೇ ಹಗಲಲ್ಲಿ ಅದನ್ನು ಜೋಡಿಸಿದರು. ಸ್ಪ್ರಿಂಗು ಹಳೆಯವೇ. ಲಾಂಚು ಹಾರಿಹೋಯಿತು ಎನ್ನಬೇಕು, ಅಂಥ ಓಟ. ದಡದಲ್ಲಿದ್ದವರು ಚಪ್ಪಾಳೆ ತಟ್ಟಿದರು.

ಮೂರನೆಯ ದಿನ ಬೆಳಿಗ್ಗೆ ಬಚ್ಚ ದಡದಲ್ಲಿ ನಿಂತು ಲಾಂಚಿನ ಸದ್ದನ್ನು ಆಲಿಸುತ್ತಿದ್ದರು. ಮಳೆಗಾಲದ ಸೋಣೆ ತಿಂಗಳು, ತುಂಬಿದ ಹೊಳೆ, ಜೊತೆಗೆ ಕಡಲ ಇಳಿತದ ಸೆಳೆತ. ಲಾಂಚಿನಲ್ಲಿ ಇಪ್ಪತ್ತಾರು ಜನ. ಅವರಲ್ಲೊಬ್ಬರು ಮೀನಿನ ಬುಟ್ಟಿ ಹಿಡಿದು ಹೊರಟಿದ್ದ ಬಚ್ಚರ ಹೆಂಡತಿ ಜಲಜ. ನಡುಹೊಳೆಯಲ್ಲಿ ಟಣ್ ಎಂದೊಂದು ಸದ್ದು. ಆಮೇಲೆ ಏನೂ ಇಲ್ಲ.

“ಎಂತ ಆಯ್ತ್ ಅಂದೇಳಿ ನಂಗೆ ಆಗ್ಲೇ ಗೊತ್ತಾಯ್ತ್. ಲಾಂಚ್ ಅಳಿವೆ ಬದಿಗೆ ಜಾರ್ತಾ ಇತ್ತ್, ನಾನ್ ಕಂಬದ್ ಹಂಗೆ ನಿಂತಿದ್ದೆ.”

ಅಳಿವೆ ಎಂದರೆ ಹೊಳೆ ಕಡಲಿಗೆ ಬೀಳುವ ಬಾಯಿ. ಅಲ್ಲಿ ತೆರೆಗೆ ಸಿಕ್ಕಿದ ಲಾಂಚು ಮಗುಚದೆ ಉಳಿಯುವುದಿಲ್ಲ. ಸುಕ್ಕಾಣಿ ಹಿಡಿದಿದ್ದ ಕಿಟ್ಟ ಲಂಗರು ಎಸೆದ. ಹಗ್ಗ ಅವನ ಬಲಗೈಗೆ ಸುತ್ತಿಕೊಂಡು ಎರಡು ಬೆರಳನ್ನು ಕಿತ್ತೊಯ್ದಿತು. ಆದರೂ ಎಡಗೈಯಿಂದ ಹಗ್ಗವನ್ನು ಗೂಟಕ್ಕೆ ಕಟ್ಟಿಯೇ ಬಿಟ್ಟ. ಮೀನಿನ ದೋಣಿಯವರು ಹುಟ್ಟು ಹಾಕಿ ಬಂದು ಎಲ್ಲರನ್ನೂ ದಡ ಸೇರಿಸಿದರು. ಜಲಜ ಬುಟ್ಟಿಯಿಲ್ಲದೆ ಇಳಿದು ಬಂದರು.

ಆಮೇಲೆ ನಡೆದದ್ದೇ ನಂಬಲಾಗದ್ದು. ಸಂಜೆಯೊಳಗೆ ಊರೆಲ್ಲ ಒಂದೇ ಮಾತು: ಕಿಟ್ಟ ಕುಡಿದು ಲಾಂಚು ಬಿಟ್ಟ. ಜೀವ ಉಳಿಸಿದವನ ಮನೆಗೆ ಕಲ್ಲು ಬಿತ್ತು. ಎರಡು ದಿನ ಕಳೆದು ಬಚ್ಚ ಹೆಡ್ಡು ಬಿಚ್ಚಿದರು. ವಾಲ್ವಿನ ತಲೆ ಮುರಿದು ಪಿಸ್ಟನ್ನಿನೊಳಗೆ ನಾಟಿತ್ತು. ಶೆಟ್ಟರನ್ನು ಕರೆದು ತೋರಿಸಿದರು. ಶೆಟ್ಟರು ನೋಡಿದರು, ಬಾಗಿಲು ಮುಂದೆ ಮಾಡಿದರು.

“ಬಚ್ಚ, ಬಾಯ್ ಮುಚ್ಕಂಡ್ ಇರ್. ಎಲ್ಲ ಕಿಟ್ಟಂದ್ ತಪ್ಪ್ ಅಂತ್ರ್. ಹಂಗೇ ಇರ್ಲಿ.”

“ಆಗ ನಂಗೆ ಹೆದ್ರಿಕೆ ಆಯ್ತ್,” ಎನ್ನುತ್ತಾರೆ ಬಚ್ಚ. “ಎಂಜಿನ್ ಒಡ್ದದ್ ಕಂಡ್ ಆದ ಹೆದ್ರಿಕೆ ಎಂತದೂ ಅಲ್ಲ. ಈ ಮಾತ್ ಕೇಂಡ್ ಆಯ್ತಲ, ಅದ್ ಹೆದ್ರಿಕೆ. ಎಂತಕ್ಕಂದ್ರೆ, ಒಂದ್ ಗಳ್ಗಿ ನಂಗೂ ಅದೇ ಸಮ ಅಂದೇಳಿ ಕಂಡಿತ್.”

ಮರುದಿನ ಜನ ತುಂಬಿದ ಹೊತ್ತಿಗೆ ಅವರು ಮುರಿದ ವಾಲ್ವನ್ನು ಹಿಡಿದು ಲಾಂಚು ಕಟ್ಟೆಯ ಮೇಲೆ ನಿಂತರು. “ಹ್ವಾಯ್, ಎಲ್ಲ ಇಲ್ಲ್ ಕೇಣಿ. ಕಿಟ್ಟಂದ್ ಎಂತ ತಪ್ಪೂ ಇಲ್ಲೆ. ಇದನ್ ಜೋಡ್ಸಿದ್ ನಾನ್. ಅಳ್ತಿ ಕಾಣ್ದೇ ಹಳೀ ಸ್ಪ್ರಿಂಗ್ ಹಾಕ್ದೆ.”

ಅಂದು ಲಾಂಚಿನಲ್ಲಿ ಮೊಮ್ಮಗಳನ್ನು ಅವುಚಿಕೊಂಡು ಕೂತಿದ್ದ ಸುಂದರಿ ಎಂಬ ಮುದುಕಿ ಮುಂದೆ ಬಂದು, ಬಚ್ಚರ ಕೆನ್ನೆಗೆ ಒಂದು ಬಿಟ್ಟು, ತಿರುಗಿ ನೋಡದೆ ಹೋದಳು.

ಕೆಲಸ ಅಂದೇ ಹೋಯಿತು. ಹನ್ನೊಂದು ತಿಂಗಳು ಯಾರೂ ಒಂದು ಬೋಲ್ಟು ಬಿಗಿಯಲು ಕೂಡ ಕರೆಯಲಿಲ್ಲ. ಉಪ್ಪುಂದದಲ್ಲಿ ಬಲೆ ಹೆಣೆದುಕೊಂಡಿದ್ದರು. “ಊಟಕ್ಕೆ ಕೂಕಂಡ್ರೆ ತಟ್ಟಿ ಕಾಂತಾ ಇರುದ್, ಉಂಬುದಿಲ್ಲೆ,” ಎಂದು ಜಲಜ ಆ ದಿನಗಳನ್ನು ನೆನೆಯುತ್ತಾರೆ. “ನಾನೇ ಒಂದಿನ ಬೈದೆ. ನಾನ್ ಬದ್ಕಿ ಬಂದಿದೆ, ನೀವ್ ಎಂತಕ್ ಸತ್ತ್ರಂಗ್ ಇದ್ರಿ ಅಂದೇಳಿ.”

ಒಂದು ಮಧ್ಯಾಹ್ನ ಅಂಗಳಕ್ಕೆ ಕಿಟ್ಟ ಬಂದ. ಮೂರು ಬೆರಳಿನ ಕೈಯಲ್ಲಿ ಗೋಣಿಯಲ್ಲಿ ಸುತ್ತಿದ ಸಿಲಿಂಡರ್ ಹೆಡ್ಡು. ಅವನೀಗ ಹೊಸ ಮೀನಿನ ಬೋಟೊಂದರ ಚಾಲಕ. ಬಚ್ಚ ಎದ್ದು ಹಿಂದೆ ಸರಿದರು; ಹೊಡೆಯಲು ಬಂದನೆಂದೇ ಅವರ ಎಣಿಕೆ.

“ಇದ್ರ್ ವಾಲ್ವ್ ಕೂರ್ಸಿ ಕೊಡ್,” ಎಂದ ಕಿಟ್ಟ.

“ನನ್ ಹತ್ರವಾ? ನಿಂಗೆ ಮಂಡೆ ಸಮ ಇತ್ತಾ ಮಾರಾಯ?”

“ಸಮ ಇತ್ತ್. ಬೇರೆಯರ್ ತಪ್ಪ್ ಮಾಡ್ರೆ ಹೇಳೂದಿಲ್ಲೆ. ನೀನ್ ಹೇಳ್ತೆ. ನಂಗೆ ಅಷ್ಟ್ ಸಾಕ್.”

ಅಂದು ಬಚ್ಚ ಅಡುಗೆಮನೆಯಿಂದ ಹಿಟ್ಟು ಕೇಳಿದರು. ಪಂದ್ಯದ ಗ್ಯಾರೇಜಿನಲ್ಲಿ ಕಲಿತಿದ್ದ ಈ ಅಳತೆಯನ್ನು ಊರಿನ ಎಂಜಿನ್ನಿಗೆಲ್ಲ ಅದು ಯಾಕೆ ಎಂದು ಕೈಬಿಟ್ಟಿದ್ದರಂತೆ. ಆಮೇಲೆ ಕುಂದಾಪುರಕ್ಕೆ ಮರಳಿದರು. ಈ ಆರು ವರ್ಷದಲ್ಲಿ ನಾನೂರ ಹನ್ನೊಂದು ಹೆಡ್ಡುಗಳು ಈ ಕೊಟ್ಟಿಗೆಯಿಂದ ಹೊರಟಿವೆ. ಬೈಂದೂರಿನ ಬೋಟು, ಬಾರ್ಕೂರಿನ ಬಸ್ಸು, ಸಾಸ್ತಾನದ ಅಕ್ಕಿ ಗಿರಣಿ. ಒಂದೇ ಒಂದು ವಾಲ್ವೂ ಪಿಸ್ಟನ್ನಿಗೆ ತಾಗಿ ವಾಪಸು ಬಂದಿಲ್ಲ. ಸುತ್ತಲಿನವರಿಗೆ ಆ ಲೆಕ್ಕ ಗೊತ್ತಿಲ್ಲ. ಕೆಡದ ಎಂಜಿನ್ನಿನ ಸುದ್ದಿ ಯಾರಾಡುತ್ತಾರೆ?

ಮುಂದೆ ಏನು ಆಸೆ ಎಂದು ಕೇಳಿದರೆ ಬಚ್ಚ ಕೈಯ ಎಣ್ಣೆ ಒರೆಸಿಕೊಳ್ಳುತ್ತಾರೆ. ದೊಡ್ಡ ಕಾರ್ಖಾನೆ ಎನ್ನುತ್ತಾರೇನೋ ಎಂದು ಕಾಯುತ್ತೇವೆ.

“ಒಂದ್ ಸಲ ಇವ್ಳ್ ಒಟ್ಟಿಗೆ ಲಾಂಚಲ್ ಗಂಗೊಳ್ಳಿಗೆ ಹೋಯ್ಕ್. ಎಂಜಿನ್ ಶಬ್ದ ಕೇಂಬುದ್ ಬಿಟ್ಟ್, ಇವ್ಳ್ ಹೇಳುದನ್ ಪೂರಾ ಕೇಣ್ಕ್. ಏಳ್ ವರ್ಷದಲ್ಲ್ ಹೊಳೆ ದಾಂಟು ಹೊತ್ತಿಗೆ ಇವ್ಳ್ ಎಂತ ಹೇಳಿದ್ಳೋ, ನಂಗೆ ಒಂದೂ ಗೊತ್ತಿಲ್ಲೆ.”

ಬಾಗಿಲಲ್ಲಿ ಚಾ ಹಿಡಿದು ನಿಂತ ಜಲಜ ನಗುವುದಿಲ್ಲ. “ಹೇಳುಕ್ ರಾಶಿ ಇತ್ತ್,” ಎನ್ನುತ್ತಾರೆ.